ಆಪರೇಷನ್ ಡೇಟ್ ಯಾಕೆ ಮುಂದಕ್ಕೆ ಹೋಗುತ್ತದೆ?

ಸರ್ಕಾರಿ ಆಸ್ಪತ್ರೆಯಲ್ಲಿ ಹರ್ನಿಯಾ, ಪಿತ್ತಕೋಶದ ಕಲ್ಲು, ಗರ್ಭಕೋಶದ ಗಡ್ಡೆ ಇಂಥವಕ್ಕೆ ಆಪರೇಷನ್ ಡೇಟ್ ಸಿಗುವುದೇ ಕಷ್ಟ. ಸಿಕ್ಕ ಡೇಟ್ ತಪ್ಪಿದರಂತೂ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಡಾಕ್ಟರು ಕಡಿಮೆ, ಬೆಡ್ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಅರಿವಳಿಕೆ ಡಾಕ್ಟರಾಗಿ ದಿನವಿಡೀ ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಇರುವ ನನಗೆ ಇನ್ನೊಂದು ವಿಷಯವೂ ಕಾಣುತ್ತದೆ. ಇರುವ ಓಟಿ, ಇರುವ ಡಾಕ್ಟರಲ್ಲೇ ಎಷ್ಟೋ ಹೊತ್ತು ಸುಮ್ನೆ ಹಾಳಾಗುತ್ತಿದೆ.

ಬೆಳಿಗ್ಗೆ ಎಂಟೂವರೆ. ಹರ್ನಿಯಾ ಆಪರೇಷನ್‌ಗೆ ಬಂದ ಹಿರಿಯರೊಬ್ಬರು ಟೇಬಲ್ ಮೇಲೆ ಮಲಗಿದ್ದಾರೆ. ಬಿಪಿ 200/116. ಹತ್ತು ನಿಮಿಷ ಬಿಟ್ಟು ನೋಡಿದರೂ ಇಳಿದಿಲ್ಲ.

“ಯಜಮಾನ್ರೇ, ಬಿಪಿ ಮಾತ್ರೆ ತಗೊಂಡ್ರಾ?”

“ಇಲ್ಲ ಸಾರ್. ಏನೂ ಬಾಯಿಗೆ ಹಾಕ್ಬೇಡಿ ಅಂದಿದ್ರಲ್ಲ, ನಿನ್ನೆಯಿಂದ್ಲೇ ಬಿಟ್ಟಿದೀನಿ.”

ಅವರ ತಪ್ಪೇನೂ ಇಲ್ಲ. ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಬಿಪಿ ಮಾತ್ರೆಗಳಲ್ಲಿ ಹೆಚ್ಚಿನವನ್ನು ಆಪರೇಷನ್ ದಿನವೂ ಒಂದು ಗುಟುಕು ನೀರಿನಲ್ಲಿ ನುಂಗಬಹುದು. ಕೆಲವನ್ನು ಮಾತ್ರ ನಿಲ್ಲಿಸಬೇಕು. ಯಾವುದು ಅಂತ ಅರಿವಳಿಕೆ ಡಾಕ್ಟರು ಮೊದಲೇ ಬರೆದು ಕೊಡಬೇಕು. ಇಲ್ಲದಿದ್ದರೆ ಆಗುವುದು ಹೀಗೆ. ಅವರನ್ನು ವಾರ್ಡಿಗೆ ಕಳಿಸುತ್ತೇವೆ. ಅವರ ಜಾಗಕ್ಕೆ ಆ ಹೊತ್ತಿನಲ್ಲಿ ಇನ್ನೊಬ್ಬರನ್ನು ತರಲು ಆಗುವುದಿಲ್ಲ. ಉಪವಾಸ ಇದ್ದು, ಟೆಸ್ಟ್ ಎಲ್ಲ ಮುಗಿದು, ಸಿದ್ಧವಾಗಿರುವವರು ಯಾರಿದ್ದಾರೆ? ಒಂದೂವರೆ ಗಂಟೆ ಓಟಿ ಖಾಲಿ. ಹೊರಗೆ ಕಾಯುವವರ ಸಾಲಿಗೆ ಅವರೂ ಮತ್ತೆ ಸೇರಿಕೊಳ್ಳುತ್ತಾರೆ. ಜೊತೆಗೆ ಬಂದ ಮಗನ ಎರಡು ದಿನದ ಕೂಲಿಯೂ ಹೋಯಿತು.

ಇದಕ್ಕೆ ಮೂಲ ಎಲ್ಲಿದೆ ಅಂದರೆ, ನಾವು ಫಿಟ್‌ನೆಸ್, ಅಂದರೆ ರೋಗಿಯ ದೇಹ ಆಪರೇಷನ್‌ಗೆ ಸಿದ್ಧವಿದೆಯೇ ಅಂತ, ನೋಡುವ ಹೊತ್ತಿನಲ್ಲಿ. ಬಹಳ ಕಡೆ ರೋಗಿ ಅಡ್ಮಿಟ್ ಆದ ಮೇಲೆ, ಆಪರೇಷನ್ ಹಿಂದಿನ ದಿನ ಅರಿವಳಿಕೆ ಡಾಕ್ಟರಿಗೆ ತೋರಿಸುತ್ತಾರೆ. ಆಗ ಶುಗರ್ 300 ಇದೆ ಅಂತ ಗೊತ್ತಾದರೆ ಒಂದು ರಾತ್ರಿಯಲ್ಲಿ ಏನು ಮಾಡುವುದು? ಹೃದಯದ ಸ್ಕ್ಯಾನ್ (ಎಕೋ) ಬೇಕು ಅಂದರೆ ಅದಕ್ಕೆ ಬೇರೆ ಕ್ಯೂ. ಅದರ ಬದಲು, ಸರ್ಜನ್ ಆಪರೇಷನ್ ಬೇಕು ಅಂದ ದಿನವೇ ನಮ್ಮ ಹತ್ತಿರ ಕಳಿಸಿದರೆ ಕಾಯುವ ಆ ತಿಂಗಳುಗಳೇ ಚಿಕಿತ್ಸೆಯ ಸಮಯವಾಗುತ್ತವೆ.

ಗರ್ಭಕೋಶದ ಗಡ್ಡೆಯಿಂದ ತಿಂಗಳು ತಿಂಗಳು ಜಾಸ್ತಿ ರಕ್ತ ಹೋಗಿ ಹಿಮೋಗ್ಲೋಬಿನ್ 7ಕ್ಕೆ ಇಳಿದ ಹೆಣ್ಣುಮಕ್ಕಳನ್ನು ನಾನು ಬಹಳ ನೋಡುತ್ತೇನೆ. ಹಿಂದಿನ ದಿನ ಇದು ಗೊತ್ತಾದರೆ ಬ್ಲಡ್ ಬ್ಯಾಂಕಿಗೆ ಓಡಾಟ, ರಕ್ತ ಕೊಡುವವರ ಹುಡುಕಾಟ. ಗಂಡನೋ ತಮ್ಮನೋ ಕೊಟ್ಟರೂ ಅಷ್ಟರಲ್ಲಿ ಡೇಟ್ ತಪ್ಪಿರುತ್ತದೆ. ಡೇಟ್ ಕೊಟ್ಟ ದಿನವೇ ನೋಡಿದ್ದರೆ? ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟು, ರಕ್ತಸ್ರಾವಕ್ಕೆ ಮಾತ್ರೆ ಕೊಟ್ಟರೆ ನಾಲ್ಕರಿಂದ ಆರು ವಾರದಲ್ಲಿ ಅನೇಕರಿಗೆ ರಕ್ತ ಏರಿಸುವ ಅಗತ್ಯವೇ ಬೀಳುವುದಿಲ್ಲ. ಇದು ನನ್ನನ್ನು ತುಂಬಾ ಕಾಡುವ ವಿಷಯ. ಆ ತಾಯಿ ಕಾಯುತ್ತಾ ಇನ್ನಷ್ಟು ಸೊರಗುತ್ತಾಳೆ, ಆ ಸಮಯದಲ್ಲೇ ಚೇತರಿಸಿಕೊಳ್ಳಬಹುದಿತ್ತು, ಅಲ್ವಾ?

ಇನ್ನೊಂದು ಕಾರಣ ತುರ್ತು ಕೇಸ್. ಒಂದೇ ಓಟಿ, ಒಬ್ಬರೇ ಅರಿವಳಿಕೆ ಡಾಕ್ಟರು ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಬಂದರೆ ಅದೇ ಮೊದಲು. ಅದು ಸರಿಯೇ. ಎರಡು ಬಂದರೆ ಅವತ್ತಿನ ಲಿಸ್ಟ್ ಮುಗಿದಂತೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲೂ ಈ ಗೋಳು ಇದೆ. ಅಲ್ಲಿ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವ ಗುರಿಯಿದೆ, ಆದರೆ 2016ರಿಂದ ಈಚೆಗೆ ಅದು ಮುಟ್ಟಿಲ್ಲ. ಕೋವಿಡ್ ನಂತರ, 2023ರ ಸೆಪ್ಟೆಂಬರ್ ಹೊತ್ತಿಗೆ ಬಾಕಿ ಪಟ್ಟಿ 77 ಲಕ್ಷ ದಾಟಿತ್ತು. ಅವರು ಹಿಡಿದ ದಾರಿಗಳಲ್ಲಿ ಒಂದು, ತುರ್ತು ಕೇಸ್ ನುಗ್ಗದ ಹಾಗೆ ಮೊದಲೇ ಡೇಟ್ ಕೊಟ್ಟ ಆಪರೇಷನ್‌ಗಳಿಗೇ ಬೇರೆ ಕೇಂದ್ರ ಮಾಡುವುದು. ನಮ್ಮಲ್ಲಿ ಪ್ರತಿ ತಾಲ್ಲೂಕಿಗೂ ಹೊಸ ಕಟ್ಟಡ ಬೇಡ. ಜಿಲ್ಲೆಯಲ್ಲಿ ಎರಡು ಮೂರು ಆಸ್ಪತ್ರೆಗಳು ಸೇರಿ ವಾರಕ್ಕೆ ಒಂದೆರಡು ದಿನ ಒಂದು ಓಟಿಯನ್ನು ಇದಕ್ಕೇ ಮೀಸಲಿಟ್ಟರೂ ದೊಡ್ಡ ಫರಕು ಆಗುತ್ತದೆ.

ಲಂಡನ್ನಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳಲ್ಲಿ ಕೆಲವು ಶನಿವಾರ ಅಕ್ಕಪಕ್ಕದ ಎರಡು ಓಟಿ ನಡೆಸುತ್ತಾರೆ. ಒಂದರಲ್ಲಿ ಆಪರೇಷನ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅರಿವಳಿಕೆ ಕೊಟ್ಟು ಸಿದ್ಧ. ಸರ್ಜನ್ ಕೈ ತೊಳೆದು ಅಲ್ಲಿಗೆ ಹೋಗುತ್ತಾರೆ. ವಾರದಲ್ಲಿ ಆಗುವಷ್ಟು ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿದ್ದಾರೆ. ಆದರೆ ಈ ಉಪಾಯ ನಮಗೆ ಹೊಸದಲ್ಲ. ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆ ಬೆಳೆದದ್ದೇ ಹೀಗೆ, ಒಬ್ಬ ಸರ್ಜನ್‌ಗೆ ಎರಡು ಟೇಬಲ್. ಅದಕ್ಕೂ ಮೊದಲು ನಮ್ಮ ಬೀಳಗಿಯ ಡಾ. ಎಂ. ಸಿ. ಮೋದಿ ಊರೂರಿನಲ್ಲಿ ಶಿಬಿರ ಮಾಡಿ, ಸಾಲು ಟೇಬಲ್‌ಗಳ ನಡುವೆ ಓಡಾಡುತ್ತಾ ಒಂದೇ ದಿನ 833 ಜನರ ಕಣ್ಣಿನ ಪೊರೆ ತೆಗೆದದ್ದು ಗಿನ್ನೆಸ್ ದಾಖಲೆಯಲ್ಲಿದೆ. ಇವತ್ತು ಸೋಂಕಿನ ಭಯದಿಂದ ಹಾಗೆ ಶಿಬಿರದಲ್ಲಿ ಆಪರೇಷನ್ ಮಾಡುವಂತಿಲ್ಲ, ಮಾಡಲೂಬಾರದು. ಆದರೆ ಸರ್ಜನ್ ಕಾಯದಂತೆ ಮುಂದಿನ ರೋಗಿಯನ್ನು ಸಿದ್ಧ ಮಾಡುವುದಕ್ಕೆ ಏನೂ ಅಡ್ಡಿಯಿಲ್ಲ. ಅದಕ್ಕೆ ಬೇಕಾದದ್ದು ತರಬೇತಿ ಪಡೆದ ನರ್ಸ್ ಮತ್ತು ಓಟಿ ಟೆಕ್ನಿಷಿಯನ್. ಅವರ ಹುದ್ದೆಗಳನ್ನು ಖಾಲಿ ಬಿಡಬಾರದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಡೇಟ್ ಸಿಕ್ಕಿದ್ದರೆ ಕೆಲವು ಮಾತು. ಅರಿವಳಿಕೆ ಡಾಕ್ಟರನ್ನು ಈಗಲೇ ನೋಡಬಹುದೇ ಅಂತ ಕೇಳಿ. ತಗೊಳ್ಳುವ ಮಾತ್ರೆಯ ಚೀಟಿ ಅಲ್ಲ, ಮಾತ್ರೆಯ ಸ್ಟ್ರಿಪ್‌ಗಳನ್ನೇ ತನ್ನಿ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಯಾವತ್ತಿನಿಂದ ನಿಲ್ಲಿಸಬೇಕು ಅಂತ ಕೇಳಿ. ಸಾಮಾನ್ಯವಾಗಿ ಊಟಕ್ಕೂ ಅರಿವಳಿಕೆಗೂ ಆರು ಗಂಟೆ ಅಂತರ ಇರಬೇಕು, ಬರೀ ನೀರಿಗೆ ಎರಡು ಗಂಟೆ ಸಾಕು. ಹಾಲು ಹಾಕಿದ ಕಾಫಿ, ಟೀ ಊಟದ ಲೆಕ್ಕಕ್ಕೇ ಸೇರುತ್ತದೆ. ಮಗುವಿಗೆ ನೆಗಡಿ, ಕೆಮ್ಮು, ಜ್ವರ ಬಂದರೆ ಆಪರೇಷನ್ ದಿನದ ತನಕ ಕಾಯದೆ ಫೋನ್ ಮಾಡಿ ಹೇಳಿ.

ಕಾದು ಬೇಸತ್ತು, ಸಾಲ ಮಾಡಿ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರೆ ಅದನ್ನೂ ತಿಳಿಸಿ. ಎಷ್ಟೋ ಹೆಸರುಗಳು ಹಾಗೇ ರಿಜಿಸ್ಟರಿನಲ್ಲಿ ಉಳಿದಿರುತ್ತವೆ. ಒಬ್ಬ ನರ್ಸ್ ವಾರಕ್ಕೊಮ್ಮೆ ಮುಂದಿನ ಹದಿನೈದು ದಿನದ ಲಿಸ್ಟಿನವರಿಗೆಲ್ಲ ಫೋನ್ ಮಾಡಿ, ಬರುತ್ತೀರಾ, ಆರೋಗ್ಯ ಹೇಗಿದೆ, ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ಕೇಳಿದರೆ ಯಾವ ಜಾಗ ಖಾಲಿಯಾಗುತ್ತದೆ ಅನ್ನುವುದು ಮೊದಲೇ ಗೊತ್ತಾಗುತ್ತದೆ. ಆಗ ಹಿಂದೆ ಇರುವವರನ್ನು ಕರೆಯಲು ಸಮಯವೂ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಗಳು ಈ ಒಂದು ಕೆಲಸವನ್ನಾದರೂ ಬರುವ ತಿಂಗಳಿನಿಂದಲೇ ಶುರು ಮಾಡಬಹುದು.