ಆ ಸಿನಿಮಾದಿಂದಲೇ ಶಿಕ್ಷೆ ಆಯ್ತಾ?

ಸ್ಪೈಕ್ ಲೀ ಅವರ 'ಫೋರ್ ಲಿಟಲ್ ಗರ್ಲ್ಸ್' ಡಾಕ್ಯುಮೆಂಟರಿ ಬಗ್ಗೆ ಬರೆದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ: "ಆ ಸಿನಿಮಾ ನೋಡಿಯೇ ಅಲ್ವಾ ಸರ್ಕಾರ ಕೇಸನ್ನು ಮತ್ತೆ ಕೈಗೆತ್ತಿಕೊಂಡಿದ್ದು, ಕೊಲೆಗಾರರು ಜೈಲಿಗೆ ಹೋಗಿದ್ದು?"

ಅಲ್ಲ. ಎಷ್ಟು ಸಲ ಹೇಳಿದರೂ ಈ ಮಾತು ತಿರುಗಿ ತಿರುಗಿ ಬರುತ್ತಿದೆ, ಈ ಸಲ ಬಿಡಿಸಿಯೇ ಹೇಳಿಬಿಡುತ್ತೇನೆ.

ಸಿನಿಮಾ ಬಂದಿದ್ದು 1997ರಲ್ಲಿ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚೊಂದರಲ್ಲಿ ಬಾಂಬ್ ಸಿಡಿದು, ಸಿನಿಮಾದ ಹೆಸರಿನಲ್ಲಿರುವ ಆ ನಾಲ್ವರು ಹುಡುಗಿಯರು ಸತ್ತಿದ್ದು 1963ರ ಸೆಪ್ಟೆಂಬರ್ 15ರ ಭಾನುವಾರ, ಬೆಳಗ್ಗೆ 10:22ಕ್ಕೆ. ಬಾಂಬ್ ಇಟ್ಟ, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಕ್ಲಾನ್ ಗುಂಪಿನ ರಾಬರ್ಟ್ ಚಾಂಬ್ಲಿಸ್‌ಗೆ ಶಿಕ್ಷೆಯಾಗಿದ್ದು 1977ರಲ್ಲಿ. ಅವನು ಜೈಲಿನಲ್ಲೇ ಸತ್ತಿದ್ದು 1985ರಲ್ಲಿ. ಅಂದರೆ ಸಿನಿಮಾಕ್ಕಿಂತ 12 ವರ್ಷ ಮೊದಲು! ಆ ಕೇಸು ನಡೆಸಿದವರು ಬಿಲ್ ಬ್ಯಾಕ್ಸ್‌ಲಿ. ಬಾಂಬ್ ಸಿಡಿದಾಗ ಅವರಿನ್ನೂ ಲಾ ಓದುತ್ತಿದ್ದ ಹುಡುಗ. ಮುಂದೆ ರಾಜ್ಯದ ಅಟಾರ್ನಿ ಜನರಲ್ ಆದಾಗ, ಸರ್ಕಾರ ಕೊಟ್ಟ ಟೆಲಿಫೋನ್ ಕಾರ್ಡಿನ ನಾಲ್ಕು ಮೂಲೆಯಲ್ಲಿ ನಾಲ್ಕು ಹೆಸರು ಬರೆದುಕೊಂಡರು: ಆ್ಯಡಿ ಮೇ, ಸಿಂಥಿಯಾ, ಕ್ಯಾರೊಲ್, ಡೆನಿಸ್. ಫೋನ್ ಮಾಡಲು ಕಾರ್ಡ್ ತೆಗೆದಾಗಲೆಲ್ಲ ಆ ಮಕ್ಕಳು ಕಣ್ಣಿಗೆ ಬೀಳಬೇಕು ಅಂತ.

ಅದೇ ಗುಂಪಿನ ಇನ್ನಿಬ್ಬರು, ಥಾಮಸ್ ಬ್ಲಾಂಟನ್‌ಗೆ 2001ರಲ್ಲಿ, ಬಾಬಿ ಚೆರ್ರಿಗೆ 2002ರಲ್ಲಿ ಶಿಕ್ಷೆಯಾಯ್ತು. ಗೊಂದಲ ಹುಟ್ಟುವುದು ಇಲ್ಲೇ. ಕೇಸ್ ಮತ್ತೆ ತೆರೆದಿದ್ದೇವೆ ಎಂದು ಎಫ್‌ಬಿಐ ಬಹಿರಂಗವಾಗಿ ಹೇಳಿದ್ದು 1997ರ ಜುಲೈನಲ್ಲಿ, ಸಿನಿಮಾ ಬಂದಿದ್ದೂ ಅದೇ ತಿಂಗಳು. ಆದರೆ ತನಿಖೆ ಸದ್ದಿಲ್ಲದೆ ಶುರುವಾಗಿ ಆಗಲೇ ತಿಂಗಳುಗಳಾಗಿದ್ದವು. ಜೊತೆಗೆ, ಬ್ಲಾಂಟನ್‌ನನ್ನು ಸಿಕ್ಕಿಸಿದ್ದು 1964ರಲ್ಲೇ ಅವನ ಅಡುಗೆಮನೆಯಲ್ಲಿ ಎಫ್‌ಬಿಐ ಬಚ್ಚಿಟ್ಟ ಮೈಕಿನ ಟೇಪು. ಬಾಂಬಿಗೆ ಯೋಜನೆ ಹಾಕಿದ ಮೀಟಿಂಗ್ ಬಗ್ಗೆ ಹೆಂಡತಿ ಹತ್ತಿರ ಅವನೇ ಆಡಿದ ಮಾತು ಅದರಲ್ಲಿತ್ತು. 1965ರಲ್ಲೇ ಎಫ್‌ಬಿಐನ ಬರ್ಮಿಂಗ್‌ಹ್ಯಾಮ್ ಕಚೇರಿ ನಾಲ್ವರು ಶಂಕಿತರ ಹೆಸರು ಬರೆದು ಎಫ್‌ಬಿಐ ಮುಖ್ಯಸ್ಥ ಹೂವರ್‌ಗೆ ಕಳಿಸಿತ್ತು. ಕೇಸು ಹಾಕಲು ಹೂವರ್ ಒಪ್ಪಲಿಲ್ಲ. 1968ರಲ್ಲಿ ಫೈಲ್ ಮುಚ್ಚಿದರು. ಬ್ಯಾಕ್ಸ್‌ಲಿ ಕೇಸು ನಡೆಸುವಾಗಲೂ ಆ ಟೇಪು ಅವರಿಗೆ ಸಿಗಲಿಲ್ಲ. ಸಾಕ್ಷಿ ಇರಲಿಲ್ಲ ಅಂತ ದಯವಿಟ್ಟು ಹೇಳಬೇಡಿ, ಸಾಕ್ಷಿ ಕಪಾಟಿನಲ್ಲಿತ್ತು. ನನಗೆ ಸಿಟ್ಟು ಬರುವುದು ಅದಕ್ಕೇ. ಆ ಶಂಕಿತರಲ್ಲಿ ನಾಲ್ಕನೆಯವನು ಹರ್ಮನ್ ಕ್ಯಾಶ್, ಒಂದು ದಿನವೂ ಕೋರ್ಟ್ ಮೆಟ್ಟಿಲು ಹತ್ತದೆ 1994ರಲ್ಲಿ ಸತ್ತ.

ಸಿನಿಮಾ ನೋಡಿ, ಖಂಡಿತ ನೋಡಿ. ಅಪ್ಪ ಅಮ್ಮಂದಿರು ಮಕ್ಕಳ ಬಗ್ಗೆ ಮಾತಾಡುವುದನ್ನು ಕೇಳಲಿಕ್ಕಾದರೂ.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಬೇಕು. ಬಾಂಬ್ ಸಿಡಿದಾಗ ಚರ್ಚಿನ ನೆಲಮಾಳಿಗೆಯ ಕೋಣೆಯಲ್ಲಿ ಆ ನಾಲ್ವರ ಜೊತೆ ಐದನೆಯವಳೊಬ್ಬಳಿದ್ದಳು, ಆ್ಯಡಿಯ ತಂಗಿ ಸಾರಾ, 12 ವರ್ಷ. ಆ್ಯಡಿ ಡೆನಿಸ್‌ಳ ಫ್ರಾಕಿನ ಸೊಂಟದ ಪಟ್ಟಿ ಕಟ್ಟುತ್ತಿದ್ದುದು ಸಾರಾ ಕೊನೆಯದಾಗಿ ಕಂಡಿದ್ದು. ಅಷ್ಟರಲ್ಲಿ ಗೋಡೆ ಸಿಡಿಯಿತು. ಸಾರಾಳ ಬಲಗಣ್ಣು ಹೋಯ್ತು. ಅಲಬಾಮಾದ ಗವರ್ನರ್ ಆಕೆಯ ಕ್ಷಮೆ ಕೇಳಿದ್ದು 2020ರಲ್ಲಿ. ಆಗ ಆಕೆಗೆ 69.