ವ್ಯಸನ: ಚಟವೂ ಹೌದು, ದುಃಖವೂ ಹೌದು

ನಮ್ಮ ಕೋಲಾರದ ಕಡೆ ಅಜ್ಜಿಯರು ಈಗಲೂ ಹೇಳುವ ಮಾತೊಂದಿದೆ. "ವ್ಯಸನ ಮಾಡ್ಕೋಬೇಡ ಕಣಪ್ಪಾ, ಎಲ್ಲಾ ಸರಿಹೋಗುತ್ತೆ." ಇಲ್ಲಿ ವ್ಯಸನ ಅಂದರೆ ಕೊರಗು, ದುಃಖ. ಅದೇ ಊರಿನಲ್ಲಿ ಗೋಡೆಯ ಮೇಲೆ 'ವ್ಯಸನಮುಕ್ತ ಸಮಾಜ' ಅಂತ ಬರೆದಿರುತ್ತದೆ. ಅಲ್ಲಿ ವ್ಯಸನ ಅಂದರೆ ಚಟ.

ಪದದ ಬೇರು ಸಂಸ್ಕೃತದ 'ಅಸ್', ಅಂದರೆ ಎಸೆ. ಮನುಷ್ಯನನ್ನು ಅವನ ಜಾಗದಿಂದ ಎತ್ತಿ ಎಸೆಯುವಂಥದ್ದು ವ್ಯಸನ. ಹಾಗಾಗಿ ಆಪತ್ತಿಗೂ, ದುಃಖಕ್ಕೂ, ಬಿಡಲಾಗದ ಅಭ್ಯಾಸಕ್ಕೂ ಅದೇ ಪದ ಬಂತು. ಹಳಬರು ಸಪ್ತವ್ಯಸನ ಅಂತ ಎಣಿಸುವಾಗ ಜೂಜು, ಕುಡಿತ, ಬೇಟೆಯನ್ನೆಲ್ಲ ಸೇರಿಸುತ್ತಿದ್ದರು.

ದಿನದ ಮಾತಿನಲ್ಲಿ ನಾವು ಬಳಸುವುದು ಚಟ. ಕಾಫಿ ಚಟ, ಎಲೆಅಡಿಕೆ ಚಟ, ಮೊಬೈಲ್ ಚಟ. ಬೈದರೆ ಬಿಡ್ತಾನೆ, ಮದುವೆ ಮಾಡಿದರೆ ಸರಿಹೋಗ್ತಾನೆ ಅನ್ನೋ ನಂಬಿಕೆ ಆ ಪದದ ಒಳಗೇ ಕೂತಿದೆ. ಕೊಕೇನ್ ವಿಷಯಕ್ಕೆ ಬಂದರೆ ಆ ಪದ ಸಾಲುವುದಿಲ್ಲ. ವ್ಯಸನ ಅನ್ನೋ ಪದವೇ ಬೇಕು, ಅದೂ ಅಜ್ಜಿಯ ಅರ್ಥ ಸೇರಿಸಿಕೊಂಡು.

ನನಗೆ ಗೊತ್ತಿರುವ ಒಂದು ಮನೆ. ಅಪ್ಪ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಒಂದು ಶನಿವಾರ ಬೆಳಿಗ್ಗೆ ಅವರು ಫೋನ್ ಮಾಡಿದರು. "ಏನಣ್ಣಾ, ಹುಡುಗ ಬಂದು ಎರಡು ದಿನ ಆಯ್ತು. ಮಲಗೇ ಅವ್ನೆ. ಎದ್ದರೆ ಎರಡು ಮುದ್ದೆ ತಿಂತಾನೆ, ಮತ್ತೆ ಮಲಗ್ತಾನೆ. ಮಾತೇ ಇಲ್ಲ." ಕೆಲಸದ ಸುಸ್ತು ಅಂತ ಅವರು ಅಂದುಕೊಂಡಿದ್ದರು. ತಾಯಿ ಮಾತ್ರ ದಿಂಬಿನ ಕವರ್ ಒಗೆಯುವಾಗ ಮೂಗಿನ ರಕ್ತದ ಕಲೆ ನೋಡಿದ್ದರು.

ಅದು ಕೊಕೇನ್ ಇಳಿದ ಮೇಲಿನ ಸ್ಥಿತಿ. ಮಿತಿಮೀರಿ ನಿದ್ದೆ, ಜಾಸ್ತಿ ಹಸಿವು, ಕೆಟ್ಟ ಕನಸು, ಯಾವುದರಲ್ಲೂ ರುಚಿ ಇಲ್ಲದ ಮನಸ್ಸು. ಕುಡಿತ ಬಿಟ್ಟಾಗ ಬರುವ ಹಾಗೆ ಕೈ ನಡುಕ, ಫಿಟ್ಸ್ ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೇ ಮನೆಯವರಿಗೆ ಗೊತ್ತಾಗುವುದಿಲ್ಲ. ಆದರೆ ಈ ದಿನಗಳಲ್ಲೇ ಸಾಯುವ ಯೋಚನೆ ಬರಬಹುದು. ಒಬ್ಬರನ್ನೇ ಬಿಡಬಾರದು.

ಹೀಗೇಕೆ? ದಕ್ಷಿಣ ಅಮೆರಿಕದ ಕೋಕಾ ಎಲೆಯಿಂದ ತೆಗೆಯುವ ಪುಡಿ ಇದು. 1884ರಲ್ಲಿ ಕಾರ್ಲ್ ಕೊಲ್ಲರ್ ಅನ್ನೋ ವೈದ್ಯರು ಕಣ್ಣಿನ ಆಪರೇಷನ್‌ಗೆ ಇದನ್ನೇ ಮರಗಟ್ಟಿಸುವ ಮದ್ದಾಗಿ ಬಳಸಿದ್ದರು. ಮಿದುಳಿನಲ್ಲಿ ಇದರ ಕೆಲಸ ಬೇರೆ. ಒಳ್ಳೆ ಊಟ ಮಾಡಿದಾಗ, ಯಾರಾದರೂ ಹೊಗಳಿದಾಗ ಡೋಪಮೈನ್ ಅನ್ನೋ ರಾಸಾಯನಿಕ ಒಸರುತ್ತದೆ. ಕೆಲಸ ಮುಗಿದ ಮೇಲೆ ನರಕೋಶ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಕೊಕೇನ್ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಡೋಪಮೈನ್ ಹೊರಗೇ ತುಂಬಿಕೊಳ್ಳುತ್ತದೆ. ಮೂಗಿನಿಂದ ಎಳೆದರೆ ಆ ಅಮಲು 15ರಿಂದ 30 ನಿಮಿಷ, ಅಷ್ಟೇ. ಆಮೇಲೆ ಇನ್ನೊಂದು ಸಲ, ಮತ್ತೊಂದು ಸಲ. ತಿಂಗಳುಗಟ್ಟಲೆ ಹೀಗಾದರೆ ಮಾಮೂಲಿ ಖುಷಿಗಳು ಮಿದುಳಿಗೆ ಸಪ್ಪೆಯಾಗುತ್ತವೆ. ಅಮ್ಮನ ಬಸ್ಸಾರು, ಗೆಳೆಯರ ಹರಟೆ, ಯಾವುದೂ ತಾಕುವುದಿಲ್ಲ. ಚಟ ದುಃಖವಾಗುವುದು ಇಲ್ಲಿ.

ಇದರ ಜೊತೆ ಬರುವ ಇನ್ನೊಂದು ಪದ ಹಪಹಪಿ. ಆ ಹುಡುಗ ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗುತ್ತಿದ್ದ. ಕೊಕೇನ್ ಬಿಟ್ಟು ಒಂದೂವರೆ ತಿಂಗಳಾಗಿತ್ತು. ಮಾಲೂರು ದಾಟುವವರೆಗೂ ಏನೂ ಇಲ್ಲ. ವೈಟ್‌ಫೀಲ್ಡ್ ಸ್ಟೇಷನ್ ಬೋರ್ಡ್ ಕಂಡ ಕೂಡಲೇ ಅಂಗೈ ಬೆವರಿ, ಎದೆ ಹೊಡೆದುಕೊಂಡು, ಬಾಯೊಳಗೆ ಆ ಪುಡಿಯ ಕಹಿ ಬಂದಂತಾಯಿತಂತೆ. ತಿಂದಿದ್ದು ಏನೂ ಇಲ್ಲ, ಬರೀ ಬೋರ್ಡ್ ನೋಡಿದ್ದು. ಜಾಗ, ಸಂಬಳದ ದಿನ, ಒಬ್ಬ ಗೆಳೆಯನ ಫೋನ್ ನಂಬರು, ಒಂದು ಬಿಯರ್, ಇವೆಲ್ಲ ಹಪಹಪಿಯ ಗುಂಡಿ ಒತ್ತುತ್ತವೆ. ಮನಸ್ಸು ಗಟ್ಟಿ ಮಾಡ್ಕೋ ಅಂತ ಅವನಿಗೆ ಸುಮ್ನೆ ಹೇಳಿದರೆ ಏನು ಪ್ರಯೋಜನ, ಅಲ್ವಾ?

ಬಿಯರ್ ಅಂದೆ. ಕೊಕೇನ್ ಜೊತೆ ಮದ್ಯ ಸೇರಿದರೆ ಲಿವರ್‌ನಲ್ಲಿ ಕೋಕಾಎಥಿಲೀನ್ ಅನ್ನೋ ಹೊಸ ವಸ್ತು ಹುಟ್ಟುತ್ತದೆ. ಹೃದಯಕ್ಕೆ ಅದು ಇನ್ನೂ ಅಪಾಯ. ಕೊಕೇನ್ ತಗೊಂಡವರಿಗೆ ಎದೆನೋವು ಬಂದರೆ, ವಯಸ್ಸು 25 ಇರಲಿ, ನೇರ ಆಸ್ಪತ್ರೆಗೆ ಹೋಗಬೇಕು. ಏನು ತಗೊಂಡಿದ್ದು ಅಂತ ಡಾಕ್ಟರಿಗೆ ನಿಜ ಹೇಳಬೇಕು.

ಇನ್ನು ಚಿಕಿತ್ಸೆ. ಕುಡಿತ ಬಿಡಿಸಲು ಮಾತ್ರೆಗಳಿವೆ, ಹೆರಾಯಿನ್‌ಗೆ ಬುಪ್ರೆನಾರ್ಫಿನ್ ಅನ್ನೋ ಔಷಧಿ ಇದೆ. ಕೊಕೇನ್ ವ್ಯಸನಕ್ಕೆ ಅಂತ ಒಪ್ಪಿಗೆ ಪಡೆದ ಮಾತ್ರೆ ಇವತ್ತಿಗೂ ಇಲ್ಲ. ನಿದ್ದೆ, ಖಿನ್ನತೆ, ಚಡಪಡಿಕೆಗೆ ಮಾತ್ರ ಡಾಕ್ಟರು ಔಷಧಿ ಕೊಡುತ್ತಾರೆ. ಹಾಗಾಗಿ 'ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ' ಅನ್ನೋ ಪುಡಿಗೆ ದಯವಿಟ್ಟು ದುಡ್ಡು ಹಾಕಬೇಡಿ.

ಮುಖ್ಯ ಚಿಕಿತ್ಸೆ ಮಾತಿನದು. ಹಪಹಪಿ ಯಾವಾಗ, ಎಲ್ಲಿ, ಯಾರ ಜೊತೆ ಬರುತ್ತದೆ ಅಂತ ಬರೆಸುತ್ತಾರೆ. ಅದು ಏರಿ, ತುದಿ ಮುಟ್ಟಿ, ತಾನೇ ಇಳಿಯುತ್ತದೆ ಅನ್ನುವುದನ್ನು ಕಲಿಸುತ್ತಾರೆ. ಆ ಹೊತ್ತು ದಾಟಲು ದಾರಿ ಹುಡುಕುತ್ತಾರೆ. ನಮ್ಮ ಹುಡುಗ ರೈಲು ಬಿಟ್ಟು ಬಸ್ ಹಿಡಿದ, ಎಟಿಎಂ ಕಾರ್ಡ್ ಅಮ್ಮನ ಕೈಗೆ ಕೊಟ್ಟ. ಇನ್ನೊಂದು ವಿಧಾನದಲ್ಲಿ ಮೂತ್ರ ಪರೀಕ್ಷೆ ಸ್ವಚ್ಛವಾಗಿ ಬಂದ ಪ್ರತಿ ಸಲವೂ ಸಣ್ಣ ಬಹುಮಾನ ಕೊಡುತ್ತಾರೆ. ಮಕ್ಕಳಾಟ ಅನಿಸಬಹುದು. ಆದರೆ ಕೊಕೇನ್ ವಿಷಯದಲ್ಲಿ ಅಧ್ಯಯನಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿರುವುದು ಇದೇ. ಖುಷಿ ಮರೆತ ಮಿದುಳಿಗೆ ಸಣ್ಣ ಖುಷಿಯ ಅಭ್ಯಾಸ ಮಾಡಿಸುವ ಕೆಲಸ ಅದು.

ಎಲ್ಲಿಗೆ ಹೋಗುವುದು? ಜಿಲ್ಲಾಸ್ಪತ್ರೆಯ ಮನೋವೈದ್ಯರಿಂದ ಶುರು ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಫೋನಿನಲ್ಲಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಾದಕ ವ್ಯಸನದ ಸಹಾಯವಾಣಿ 14446. ಖಾಸಗಿ ಕೇಂದ್ರವಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಮೊದಲು ಕೇಳಿ. ಹೊಡೆಯುವ, ಕಟ್ಟಿಹಾಕುವ ಜಾಗದಲ್ಲಿ ಯಾರನ್ನೂ ಬಿಡಬೇಡಿ.

"ಪೊಲೀಸ್ ಕೇಸ್ ಆಗುತ್ತಾ?" ಆ ಅಪ್ಪ ಮೊದಲು ಕೇಳಿದ್ದು ಇದನ್ನೇ. ಮಾದಕ ವಸ್ತುಗಳ ಬಗ್ಗೆ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇವನೆ ಅಪರಾಧ, ಅದು ನಿಜ. ಆದರೆ ಅದೇ ಕಾಯ್ದೆಯ 64ಎ ಕಲಂ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿರುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮುಗಿಸಿದರೆ, ಆ ಕೇಸಿನ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಈ ವಿಷಯ ಗೊತ್ತಿಲ್ಲದೆ ಎಷ್ಟೋ ಮನೆಗಳು ಬಾಗಿಲು ಹಾಕಿಕೊಂಡು ಕೂತಿವೆ.

ಕೊನೆಯದು ಮರುಕಳಿಕೆ. ಬಿಪಿ, ಶುಗರ್ ಏರಿಳಿದ ಹಾಗೆ ಇದೂ ಮರುಕಳಿಸುವ ಕಾಯಿಲೆ. ಎಂಟನೇ ತಿಂಗಳಲ್ಲಿ ಆ ಹುಡುಗ ಒಂದು ಮದುವೆಗೆ ಹೋಗಿ ಜಾರಿದ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ಹುಡುಗ ಮಾತ್ರ ಮಾರನೆಯ ದಿನ ತಾನೇ ಕೌನ್ಸೆಲರ್‌ಗೆ ಫೋನ್ ಮಾಡಿದ. ಅವರು ಬೈಯಲಿಲ್ಲ. "ಎಷ್ಟು ಗಂಟೆಗೆ ಶುರುವಾಯ್ತು, ಪಕ್ಕದಲ್ಲಿ ಯಾರಿದ್ದರು, ನೋಟ್‌ಬುಕ್ ತಗೊಂಡು ಬಾ" ಅಂದರಂತೆ.