ನಾಲ್ಕನೇ ಲೋಟದ ಲೆಕ್ಕ

ಗಂಡಿಗೆ ಐದು, ಹೆಣ್ಣಿಗೆ ನಾಲ್ಕು. ಅಮೆರಿಕದ ಕಾಲೇಜುಗಳ ಕುಡಿತದ ಬಗ್ಗೆ ಏನೇ ಓದಿದರೂ ಈ ಎರಡು ಅಂಕಿ ಎದುರಾಗುತ್ತವೆ. ಕೂತ ಕೂತಲ್ಲೇ ಗಂಡು ಐದು, ಹೆಣ್ಣು ನಾಲ್ಕು ಡ್ರಿಂಕ್ ಮುಗಿಸಿದರೆ ಅದು ‘ಬಿಂಜ್’. ಅಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್: 355 ಮಿ.ಲೀ. ಬಿಯರ್, ಇಲ್ಲವೇ 44 ಮಿ.ಲೀ. ವಿಸ್ಕಿ. ಹೆಣ್ಣಿನ ದೇಹಕ್ಕೆ ಬೇರೆ ಅಳತೆ ಬೇಕು ಎಂಬ ಈ ಸಣ್ಣ ತಿದ್ದುಪಡಿ ಬಂದದ್ದು 1990ರ ದಶಕದಲ್ಲಿ. ಕಾಲೇಜು ಹುಡುಗಿಯರನ್ನು ಮದ್ಯದಿಂದ ‘ಕಾಯುವ’ ಪ್ರಯತ್ನ ಮಾತ್ರ ಅದಕ್ಕಿಂತ ಬಹಳ ಹಳೆಯದು.

ಮದ್ಯವಿರೋಧಿ ಮಹಿಳಾ ಚಳವಳಿಯ ದೊಡ್ಡ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ಬಂದದ್ದೇ ಕಾಲೇಜಿನಿಂದ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ಡೀನ್ ಆಗಿದ್ದವರು 1874ರಲ್ಲಿ ಆ ಹುದ್ದೆ ಬಿಟ್ಟು ಮಹಿಳಾ ಕ್ರಿಶ್ಚಿಯನ್ ಮದ್ಯವಿರೋಧಿ ಸಂಘ ಸೇರಿದರು. 1879ರಿಂದ 1898ರಲ್ಲಿ ಸಾಯುವವರೆಗೂ ಅದರ ಅಧ್ಯಕ್ಷೆ. ಆ ಸಂಘಕ್ಕೆ ಹೆಣ್ಣೆಂದರೆ ಗಂಡನ ಕುಡಿತದಿಂದ ನೊಂದವಳು. ನಮ್ಮ ಸಾರಾಯಿ ವಿರೋಧಿ ಹೋರಾಟಗಳನ್ನು ಕಂಡವರಿಗೆ ಆ ನೋವು ಅಪರಿಚಿತವಲ್ಲ. ಅವಳೇ ಲೋಟ ಹಿಡಿದಾಳು ಎಂಬುದು ಆ ಕಾಲದ ಲೆಕ್ಕದಲ್ಲಿ ಇರಲಿಲ್ಲ.

ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಕಾಲೇಜುಗಳಿಗೆ ಗೊತ್ತಿದ್ದ ಉಪಾಯ ಬೀಗ. ಹುಡುಗಿಯರ ಹಾಸ್ಟೆಲ್‌ಗೆ ರಾತ್ರಿ ಇಷ್ಟು ಗಂಟೆಗೆ ಬಾಗಿಲು, ಹೊರಗೆ ಹೋದರೆ ಪುಸ್ತಕದಲ್ಲಿ ಸಹಿ. ಹುಡುಗರಿಗೆ ಅಂಥ ಕಟ್ಟುಪಾಡು ಕಡಿಮೆ. ನಮ್ಮೂರ ಎಷ್ಟೋ ಹಾಸ್ಟೆಲ್‌ಗಳಲ್ಲಿ ಇಂದಿಗೂ ಹೀಗೇ ಇದೆ. 1960ರ ದಶಕದ ಕೊನೆಯಲ್ಲಿ ವಿದ್ಯಾರ್ಥಿನಿಯರೇ ಪ್ರತಿಭಟಿಸಿ ಈ ನಿಯಮಗಳನ್ನು ಕೆಡವಿದರು. ಅವರು ಮಾಡಿದ್ದು ನ್ಯಾಯವೇ. ಆದರೆ ಬೀಗ ತೆಗೆದ ಕಾಲೇಜುಗಳು ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ. 1971ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದಾಗ ಹಲವು ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ರಸ್ತೆ ಅಪಘಾತಗಳ ಆಕ್ರೋಶ ಏರಿ, 1984ರ ಕೇಂದ್ರ ಕಾನೂನು ಅದನ್ನು ಮತ್ತೆ 21ಕ್ಕೆ ಒಯ್ದಿತು.

ಹೆಣ್ಣಿನ ದೇಹದತ್ತ ವಿಜ್ಞಾನ ಸರಿಯಾಗಿ ತಿರುಗಿದ್ದು ಆಮೇಲೆ. ಮದ್ಯ ದೇಹದ ನೀರಿನಲ್ಲಿ ಬೆರೆಯುತ್ತದೆ. ಹೆಣ್ಣಿನ ದೇಹದಲ್ಲಿ ನೀರಿನ ಪಾಲು ಕಡಿಮೆ. ಹಾಗಾಗಿ ಇಬ್ಬರ ತೂಕ ಒಂದೇ ಇದ್ದರೂ, ಅದೇ ಲೋಟ ಅವಳ ರಕ್ತದಲ್ಲಿ ಹೆಚ್ಚು ಮದ್ಯ ಉಳಿಸುತ್ತದೆ. ಇದು ಮನೋಬಲದ ಪ್ರಶ್ನೆಯೇ ಅಲ್ಲ. ಗೆಳೆಯರ ಸರಿಸಮ ಕುಡಿಯಲು ಹೊರಟ ಹುಡುಗಿಗೆ ಯಾರಾದರೂ ಮೊದಲು ಹೇಳಬೇಕಾದದ್ದು ಇದನ್ನೇ.

1993ರಲ್ಲಿ ಹಾರ್ವರ್ಡ್‌ನ ಹೆನ್ರಿ ವೆಕ್ಸ್ಲರ್ ತಂಡ 140 ಕಾಲೇಜುಗಳ ಹದಿನೇಳು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿತು. ಐದು–ನಾಲ್ಕರ ಅಳತೆಯಲ್ಲಿ ನೋಡಿದಾಗ, ಹಿಂದಿನ ಎರಡು ವಾರಗಳಲ್ಲಿ ಹುಡುಗರಲ್ಲಿ ಶೇ 50, ಹುಡುಗಿಯರಲ್ಲಿ ಶೇ 39 ಮಂದಿ ಬಿಂಜ್ ಮಾಡಿದ್ದರು. ಸಮೀಕ್ಷೆ 2001ರವರೆಗೆ ಮತ್ತೆ ಮೂರು ಸಲ ನಡೆಯಿತು. ಒಟ್ಟು ಪ್ರಮಾಣ ಹೆಚ್ಚೇನೂ ಬದಲಾಗಲಿಲ್ಲ. ಮಹಿಳಾ ಕಾಲೇಜುಗಳಲ್ಲಿ ಮಾತ್ರ, ಪದೇ ಪದೇ ಬಿಂಜ್ ಮಾಡುವವರು ಶೇ 5.3ರಿಂದ 11.9ಕ್ಕೆ ಏರಿದ್ದರು. ಸುರಕ್ಷಿತ ಎಂದು ಎಲ್ಲರೂ ನಂಬಿದ್ದ ಅಂಗಳವೇ ಅದು.

ಅದೇ ಸಮೀಕ್ಷೆಗಳು ಇನ್ನೊಂದು ಕಹಿಯನ್ನು ತೆರೆದಿಟ್ಟವು. ವಿದ್ಯಾರ್ಥಿನಿಯರಲ್ಲಿ ಸುಮಾರು ಇಪ್ಪತ್ತಕ್ಕೊಬ್ಬಳು ಆ ಶೈಕ್ಷಣಿಕ ವರ್ಷದಲ್ಲೇ ಅತ್ಯಾಚಾರಕ್ಕೆ ಒಳಗಾಗಿದ್ದಳು. ಅವರಲ್ಲಿ ಶೇ 72 ಮಂದಿ ಆಗ ನಶೆಯಲ್ಲಿದ್ದರು. ಈ ಅಂಕಿಯನ್ನು ‘ನೀನೇಕೆ ಕುಡಿದೆ’ ಎಂದು ಅವಳತ್ತ ತಿರುಗಿಸುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ತಪ್ಪು ಎಸಗಿದವನದು. ಎಚ್ಚರ ತಪ್ಪಿದವಳಿಂದ ಒಪ್ಪಿಗೆ ಸಿಗುವುದಿಲ್ಲ ಎಂದು ಹುಡುಗರಿಗೆ ಕಲಿಸದ ಮದ್ಯಜಾಗೃತಿ ಅರ್ಧ ಕೆಲಸವಷ್ಟೇ.

ಹೆದರಿಸುವ ಭಾಷಣಗಳಿಂದ ಕುಡಿತ ತಗ್ಗುವುದಿಲ್ಲ ಎಂಬುದು ಅಷ್ಟರಲ್ಲಿ ಅರಿವಾಗಿತ್ತು. ದಾರಿ ತೋರಿದವು ಎರಡು ಯೋಚನೆಗಳು. 1986ರಲ್ಲಿ ಪರ್ಕಿನ್ಸ್ ಮತ್ತು ಬರ್ಕೋವಿಟ್ಜ್ ಎಂಬ ಸಂಶೋಧಕರು, ಸಹಪಾಠಿಗಳು ಎಷ್ಟು ಕುಡಿಯುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ಇರುವುದಕ್ಕಿಂತ ಹೆಚ್ಚಾಗಿ ಊಹಿಸಿಕೊಂಡಿರುತ್ತಾರೆ ಎಂದು ತೋರಿಸಿದರು. ‘ಎಲ್ಲರೂ ಕುಡೀತಾರೆ’ ಎಂಬ ಆ ತಪ್ಪೆಣಿಕೆಯೇ ಎಷ್ಟೋ ಹುಡುಗಿಯರ ಕೈಗೆ ಲೋಟ ಕೊಡುತ್ತದೆ. ಇನ್ನೊಂದು, ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್ ಮತ್ತು ಸಂಗಡಿಗರು ರೂಪಿಸಿದ ‘ಬೇಸಿಕ್ಸ್’: ಸಲಹೆಗಾರರೊಡನೆ ಎರಡು ಸಲ, ಹೆಚ್ಚುಕಡಿಮೆ ಒಂದೊಂದು ಗಂಟೆಯ ಮಾತು. ಬೈಗುಳವಿಲ್ಲ, ಉಪದೇಶವಿಲ್ಲ. ಅವಳದೇ ಅಂಕಿಗಳನ್ನು ಅವಳ ಮುಂದಿಟ್ಟು ‘ನಿನಗೇನು ಅನ್ನಿಸುತ್ತೆ’ ಎಂದು ಕೇಳುವುದು. ಮುಂದೆ ಲೊಯೋಲಾ ಮೇರಿಮೌಂಟ್ ವಿಶ್ವವಿದ್ಯಾಲಯದ ಜೋಸೆಫ್ ಲಾಬ್ರಿ ತಂಡ ಇದನ್ನು ಮೊದಲ ವರ್ಷದ ಹುಡುಗಿಯರ ಗುಂಪುಗಳಿಗೆ ಒಗ್ಗಿಸಿತು. ಗೆಳೆತನಕ್ಕಾಗಿ, ಸಂಕೋಚ ಕಳೆಯಲು, ಮನಸ್ಸಿನ ಭಾರ ಇಳಿಸಲು, ಹೀಗೆ ತಾವು ಏಕೆ ಕುಡಿಯುತ್ತೇವೆ ಎಂಬುದನ್ನು ಅವರು ಅಲ್ಲಿ ತಮ್ಮಂಥವರ ನಡುವೆಯೇ ಬಿಚ್ಚಿ ಮಾತಾಡಿದರು. ನಮ್ಮ ಕಾಲೇಜುಗಳೂ ಎರವಲು ಪಡೆಯಬೇಕಾದದ್ದು ಇಂಥ ಮಾತನ್ನೇ ಎಂದು ನಾನು ನಂಬುತ್ತೇನೆ.

ಪ್ರತಿ ಆಗಸ್ಟ್‌ನಲ್ಲಿ ನಮ್ಮ ಊರುಗಳ ಹೆಣ್ಣುಮಕ್ಕಳೂ ಅಲ್ಲಿನ ಕ್ಯಾಂಪಸ್‌ಗಳಿಗೆ ಹೋಗಿ ಇಳಿಯುತ್ತಾರೆ. ಹೊಸ ವಿದ್ಯಾರ್ಥಿಗಳಿಗೆ ಮೊದಲ ಕೆಲವು ವಾರಗಳೇ ಅಪಾಯದ ಕಾಲ. ಚಟ್ನಿಪುಡಿ ಕಟ್ಟಿಕೊಡುವಾಗ ಅಮ್ಮ-ಅಪ್ಪ ಒಂದು ಮಾತನ್ನೂ ಕಟ್ಟಿಕೊಡಲಿ: ಕುಡಿದ ಗೆಳತಿ ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ತುಟಿ ನೀಲಿಯಾದರೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡು. ಶಿಕ್ಷೆಯ ಭಯದಿಂದ ಈ ಕರೆ ತಡವಾಗಬಾರದೆಂದು ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲೇ ವೈದ್ಯಕೀಯ ಕ್ಷಮಾದಾನದ ನಿಯಮ ತಂದಿತು. ಆಮೇಲೆ ಬಹಳಷ್ಟು ಕಾಲೇಜುಗಳು, ರಾಜ್ಯಗಳು ತಮ್ಮದೇ ರೀತಿಯಲ್ಲಿ ಅದನ್ನು ಅನುಸರಿಸಿದವು. ಆಂಬುಲೆನ್ಸ್ ಬರುವ ತನಕ ಗೆಳತಿಯನ್ನು ಮಗ್ಗುಲಾಗಿ ಮಲಗಿಸಬೇಕು, ಒಂಟಿಯಾಗಿ ಬಿಡಬಾರದು.